ಅಕ್ಟೋಬರ್‌ನಲ್ಲಿ ಮುಳ್ಳಯ್ಯನಗಿರಿ ಏಣಿನ ಮೇಲೆ ನಡೆಯಬಹುದಾ? ನಡುವೆ ಸಿಡಿಲು ಬಂದರೆ?

ಪ್ರಶ್ನೆ: ನಾವು ದಾವಣಗೆರೆಯವರು. ಮನೆಯವರು, ಸ್ನೇಹಿತರು ಸೇರಿ ಹತ್ತು ಜನ ಇದ್ದೇವೆ. ದಸರಾ ರಜೆಯಲ್ಲಿ, ಅಕ್ಟೋಬರ್ ಎರಡನೇ ವಾರ, ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿವರೆಗೆ ಬೆಟ್ಟದ ಏಣಿನ ಮೇಲೇ, ಅಂದರೆ ನೆತ್ತಿಯಿಂದ ನೆತ್ತಿಗೆ ಸಾಗುವ ಬೆಟ್ಟದ ಬೆನ್ನಿನ ಮೇಲೇ, ನಡೆದು ಹೋಗಬೇಕು ಅಂತ ಆಸೆ. ಬೆಳಿಗ್ಗೆ 5ಕ್ಕೆ ಇಲ್ಲಿಂದ ಬಿಟ್ಟು ರಾತ್ರಿ ವಾಪಸ್ ಬರುವ ಯೋಚನೆ. ಮಗನಿಗೆ 13 ವರ್ಷ, ಭಾವನಿಗೆ 57. ಎಲ್ಲರಿಗೂ ಚಿತ್ರದುರ್ಗದ ಕೋಟೆ, ಜೋಗಿಮಟ್ಟಿ ಹತ್ತಿದ ರೂಢಿ ಇದೆ. ಆದರೆ ಕಳೆದ ಮೇ ತಿಂಗಳಲ್ಲಿ ಕೋಟೆಯ ಮೇಲಿದ್ದಾಗ ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು, ಸಿಡಿಲು ಶುರುವಾಯಿತು. ಒಂದು ದೊಡ್ಡ ಬಂಡೆಯ ಕೆಳಗೆ ಎಲ್ಲರೂ ಒತ್ತಿಕೊಂಡು ಕೂತೆವು. ಒಬ್ಬರು ಮೊಬೈಲ್ ಆಫ್ ಮಾಡಿ ಅಂದರು. ರಬ್ಬರ್ ಬೂಟು ಹಾಕಿದ್ದೇವೆ, ಏನೂ ಆಗಲ್ಲ ಅಂತ ಇನ್ನೊಬ್ಬರು. ಭಾವ ನೆಲಕ್ಕೆ ಮಲಗಿಬಿಡಿ ಅಂದರು. ನಮ್ಮಮ್ಮ ಅರ್ಜುನನ ಹತ್ತು ಹೆಸರು ಹೇಳುತ್ತಾ ಕೂತಿದ್ದರು. ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನನ್ನ ಹೆಂಡತಿಗೆ ಭಯ ಕೂತಿದೆ. ನಾವು ಮಾಡಿದ್ದು ಸರಿಯಾ? ಮೊಬೈಲ್‌ನಲ್ಲಿ 40% ಮಳೆ ಅಂತ ತೋರಿಸಿದರೆ ಹೋಗಬಹುದಾ? ಮಗನನ್ನು ಕರೆದುಕೊಂಡು ಹೋಗಲಾ, ಬಿಡಲಾ?

ಉತ್ತರ: ನಿಮ್ಮ ಹೆಂಡತಿಯ ಭಯ ಸುಮ್ನೆ ಹುಟ್ಟಿದ್ದಲ್ಲ. ಅವತ್ತು ಬಂಡೆಯ ಕೆಳಗೆ ಒತ್ತಿಕೊಂಡು ಕೂತಿದ್ದು ಸರಿಯಲ್ಲ. ಏನೂ ಆಗದೇ ಇದ್ದದ್ದು ಆ ದಿನದ ಅದೃಷ್ಟ. ಈ ಸಲ ಹೋಗಬಹುದಾ ಅಂದರೆ, ಹೋಗಬಹುದು. ಆದರೆ ಬೆಳಿಗ್ಗೆ 5ಕ್ಕೆ ದಾವಣಗೆರೆ ಬಿಡುವ ಲೆಕ್ಕದಲ್ಲಿ ಬೇಡ. ನಿಮ್ಮ ಇಡೀ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಅಪಾಯ ಕಾಣುವುದು ಆ ಹೊತ್ತಿನಲ್ಲೇ. ದಾರಿ ಉದ್ದ ಇರುವುದು, ಭಾವನ ವಯಸ್ಸು, ಮಗನ ವಯಸ್ಸು, ಇವೆಲ್ಲ ಆಮೇಲಿನ ಮಾತು.

ನಾನು ಚಿತ್ರದುರ್ಗದವನು. ಚಾರಣದ ಗುಂಪುಗಳನ್ನು ಕರೆದುಕೊಂಡು ಹೋಗುವುದು, ಬೆಟ್ಟದಲ್ಲಿ ಪ್ರಥಮ ಚಿಕಿತ್ಸೆ ಹೇಗೆ ಅಂತ ಕಲಿಸುವುದು ನನ್ನ ಕೆಲಸ. ನಮ್ಮ ಕಡೆಯ ಚಾರಣಿಗರು ಮಲೆನಾಡಿನ ಏಣಿನ ಮೇಲೆ ಎಡವುವುದು ಎಲ್ಲಿ ಅಂತ ನೋಡುತ್ತಾ ಬಂದಿದ್ದೇನೆ. ಕಾಲಿನ ಶಕ್ತಿ ಕಡಿಮೆಯಾಗಿ ಎಡವುವುದು ಕಡಿಮೆ. ಕಣ್ಣಿನ ಮೇಲಿನ ನಂಬಿಕೆ ಅವರನ್ನು ಸಿಕ್ಕಿಸುತ್ತದೆ.

ಕೋಟೆಯ ಬತೇರಿ ಮೇಲೆ ನಿಂತವರಿಗೆ ಇದು ಗೊತ್ತಿರುತ್ತದೆ: ಮಳೆ ದೂರದಿಂದಲೇ ಕಾಣುತ್ತದೆ. ಸುತ್ತ ಬಯಲು. ಹೊಲಗಳ ಮೇಲೆ ಬೂದು ಪರದೆ ಇಳಿಬಿದ್ದು ಊರಿಂದ ಊರಿಗೆ ಸರಿಯುವುದನ್ನು ನೋಡುತ್ತಾ ನಿಲ್ಲಬಹುದು. ಮೋಡ ಹೊಳಲ್ಕೆರೆ ಕಡೆ ಇದೆಯಾ, ಹಿರಿಯೂರು ಕಡೆ ತಿರುಗಿತಾ ಅಂತ ಬೆರಳು ತೋರಿಸಿ ಹೇಳಬಹುದು. ಆ ಕಡೆ ಹೋಯಿತು ಬಿಡು ಅಂತ ಕೂತವರು ಕೂತೇ ಇರುತ್ತಾರೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಇರುವ ಚಂದ್ರದ್ರೋಣ ಸಾಲಿನಲ್ಲಿ ಈ ರೂಢಿ ಕೈಕೊಡುತ್ತದೆ. ಪಡುವಣದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ಏರುತ್ತಲೇ ಮೋಡವಾಗುತ್ತದೆ. ಹತ್ತು ನಿಮಿಷದ ಹಿಂದೆ ಎದುರಿನ ಗುಡ್ಡ ಕಾಣುತ್ತಿತ್ತು, ಈಗ ಮುಂದಿನವರ ಬ್ಯಾಗ್ ಕಾಣುತ್ತಿಲ್ಲ. ಆ ಬಿಳಿ ಮಂಜಿನ ಹಿಂದೆ ಗುಡುಗಿನ ಮೋಡ ಎದ್ದು ನಿಂತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಏಣಿನ ಗಾಳಿಯ ಸದ್ದಿಗೆ ದೂರದ ಗುಡುಗೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲಿ ತೀರ್ಮಾನವನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು, ಅದನ್ನೂ ಹತ್ತುವ ಮೊದಲೇ ತೆಗೆದುಕೊಂಡಿರಬೇಕು ಅಂತ ನಾನು ಹೇಳುವುದು.

ಗಡಿಯಾರ ಯಾಕೆ ಅಂದರೆ, ಮುಂಗಾರಿನ ಮುಂಚಿನ ಮತ್ತು ಮುಂಗಾರು ಹಿಂದೆ ಸರಿಯುವ ಹೊತ್ತಿನ ಗುಡುಗು ಮಳೆಗೆ ಒಂದು ವೇಳೆ ಇದೆ. ಬೆಳಿಗ್ಗೆ ಬಿಸಿಲು ನೆಲ ಕಾಯಿಸುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಬೆಟ್ಟ ಇದ್ದರೆ ಅದು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹತ್ತು, ಹನ್ನೊಂದು ಗಂಟೆಗೆ ಬಿಳಿ ಹತ್ತಿ ಉಂಡೆಯಷ್ಟಿದ್ದ ಮೋಡ ಮಧ್ಯಾಹ್ನದ ಹೊತ್ತಿಗೆ ಗೋಪುರವಾಗಿ ನಿಂತಿರುತ್ತದೆ. ಒಂದು, ಎರಡು ಗಂಟೆಯ ಮೇಲೆ ಸಂಜೆವರೆಗೆ ಅದು ಒಡೆಯುತ್ತದೆ. ಭರಣಿ, ಕೃತ್ತಿಕೆ ಮಳೆಯಲ್ಲಿ ಕೋಟೆಯ ಮೇಲೆ ನಿಮಗೆ ಸಿಕ್ಕಿದ್ದು ಇದೇ. ಅಕ್ಟೋಬರ್ ಎರಡನೇ ವಾರ ಅಂದರೆ ಹಸ್ತೆ ಮುಗಿದು ಚಿತ್ತೆ ಹಿಡಿಯುವ ಹೊತ್ತು. ಹಿರಿಯರು ಕುರುಡು ಚಿತ್ತೆ ಅನ್ನುತ್ತಾರಲ್ಲ, ಆ ಮಳೆ. ಈ ಹೊಲಕ್ಕೆ ಹೊಯ್ದು ಪಕ್ಕದ ಹೊಲಕ್ಕೆ ಹನಿ ಬೀಳುವುದಿಲ್ಲ. ಬೆಳಿಗ್ಗೆ ನಿಚ್ಚಳ ಆಕಾಶ ಇತ್ತು ಅನ್ನುವುದು ಮಧ್ಯಾಹ್ನಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ನಿಜ ಹೇಳಬೇಕೆಂದರೆ, ಬೆಳಗಿನ ಚುರುಕು ಬಿಸಿಲೇ ಮಧ್ಯಾಹ್ನದ ಗುಡುಗಿಗೆ ಉರುವಲು.

ಈಗ ನಿಮ್ಮ ಲೆಕ್ಕ ನೋಡಿ. 5ಕ್ಕೆ ದಾವಣಗೆರೆ ಬಿಟ್ಟರೆ ತಿಂಡಿ, ಚಹಾ, ಚೆಕ್‌ಪೋಸ್ಟ್ ಎಲ್ಲಾ ಸೇರಿ ನಡಿಗೆ ಶುರುವಾಗುವುದು ಒಂಬತ್ತೂವರೆ, ಹತ್ತಕ್ಕೆ. ಮುಳ್ಳಯ್ಯನಗಿರಿ ನೆತ್ತಿಯಲ್ಲಿ ಫೋಟೊ, ದೇವರ ದರ್ಶನ ಮುಗಿಸಿ ಏಣು ಹಿಡಿಯುವಾಗ ಹನ್ನೊಂದು ದಾಟಿರುತ್ತದೆ. ಹತ್ತು ಜನರ ಗುಂಪಿಗೆ ಈ ಏಣು ಐದಾರು ಗಂಟೆಯ ಕೆಲಸ. ಅಂದರೆ ಗುಡುಗು ಏಳುವ ಸರಿಯಾದ ಹೊತ್ತಿಗೆ ನೀವು ಸರಿಯಾಗಿ ಸಾಲಿನ ನಡುಮಧ್ಯ, ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಅಲ್ಲಿರುವುದು ಹುಲ್ಲು ಮಾತ್ರ. ಮೊಣಕಾಲೆತ್ತರದ ಹುಲ್ಲಿನ ನಡುವೆ ಅತಿ ಎತ್ತರದ ವಸ್ತು ಅಂದರೆ ನೀವೇ.

ಬಂಡೆಯ ಕೆಳಗೆ ಕೂತರೆ ಏನಾಗುತ್ತದೆ

ಸಿಡಿಲು ಅಂದರೆ ನೆತ್ತಿಗೆ ನೇರ ಬಡಿಯುವುದು ಅಂತಷ್ಟೇ ನಮ್ಮ ಮನಸ್ಸಿನಲ್ಲಿದೆ. ಹೊರಗೆ ಸಿಡಿಲಿಗೆ ಸಿಕ್ಕವರಲ್ಲಿ ನೇರ ಬಡಿತಕ್ಕೆ ಸಿಕ್ಕವರು ಕಡಿಮೆ. ಹೆಚ್ಚಿನವರಿಗೆ ಅದು ಬರುವುದು ನೆಲದಿಂದ. ಮರಕ್ಕೋ ಬಂಡೆಗೋ ಬಡಿದ ಸಿಡಿಲು ಅಲ್ಲೇ ಮುಗಿಯುವುದಿಲ್ಲ, ನೆಲದ ಮೇಲ್ಮೈಯಲ್ಲಿ ಸುತ್ತಲೂ ಹರಡುತ್ತದೆ. ಹತ್ತಿರದಲ್ಲಿ ಒತ್ತಡ ಜಾಸ್ತಿ, ದೂರ ಹೋದಂತೆ ಕಡಿಮೆ. ನಿಮ್ಮ ಒಂದು ಕಾಲು ಆ ಜಾಗಕ್ಕೆ ಹತ್ತಿರ, ಇನ್ನೊಂದು ದೂರ ಇದ್ದರೆ, ಆ ವ್ಯತ್ಯಾಸ ಸಾಕು. ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಕೆಳಗೆ ನಿಂತಿದ್ದ ಕುರಿ ಹಿಂಡು ಒಂದೇ ಸಿಡಿಲಿಗೆ ಸತ್ತುಬಿದ್ದ ಸುದ್ದಿ ಆಗಾಗ ಕೇಳುತ್ತೇವಲ್ಲ. ಅಷ್ಟೂ ಕುರಿಗೆ ಸಿಡಿಲು ಬೇರೆ ಬೇರೆಯಾಗಿ ಬಡಿದಿರುವುದಿಲ್ಲ. ಬಡಿದದ್ದು ಮರಕ್ಕೆ. ಕುರಿಯ ಮುಂಗಾಲು ಹಿಂಗಾಲಿನ ನಡುವೆ ಅಂತರ ಇರುತ್ತದೆ, ನಡುವೆ ಎದೆ ಇರುತ್ತದೆ. ನೆಲದಲ್ಲಿ ಹರಿದದ್ದು ಹೃದಯದ ಮೂಲಕವೇ ಹಾದು ಹೋಗುತ್ತದೆ. ನಿಮ್ಮ ಭಾವ ಹೇಳಿದಂತೆ ನೆಲಕ್ಕೆ ಉದ್ದಕ್ಕೆ ಮಲಗಿದರೆ ನೀವೂ ಹಾಗೇ ಆಗುತ್ತೀರಿ. ತಲೆಯಿಂದ ಕಾಲಿನವರೆಗೆ ನೆಲ ಮುಟ್ಟುತ್ತಿರುತ್ತದೆ. ಮಲಗಬಾರದು.

ಬಂಡೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಕೋಟೆಯ ತುಂಬಾ ದೊಡ್ಡ ದೊಡ್ಡ ಗುಂಡುಗಳು, ಅವುಗಳ ಕೆಳಗೆ ನಾಲ್ಕು ಜನ ನುಸುಳುವಷ್ಟು ಸಂದು. ಮಳೆ ಬಂದಾಗ ಕಾಲು ತಾನಾಗೇ ಅಲ್ಲಿಗೆ ಹೋಗುತ್ತದೆ. ಮಳೆಗೆ ಅದು ಒಳ್ಳೆಯ ಜಾಗವೇ. ಆದರೆ ಬಂಡೆಯ ತಲೆಗೆ ಬಡಿದ ಸಿಡಿಲು ಒದ್ದೆ ಮೇಲ್ಮೈ ಹಿಡಿದು ಕೆಳಗೆ ಜಾರುತ್ತದೆ. ಸಂದಿನ ಬಾಯಿಗೆ ಬಂದಾಗ ದಾರಿ ತುಂಡಾಗುತ್ತದೆ, ಆಗ ಮೇಲಿನ ಅಂಚಿನಿಂದ ಕೆಳಗಿನ ನೆಲಕ್ಕೆ ಹಾರುತ್ತದೆ. ಹಾರುವ ಜಾಗದಲ್ಲಿ ಕೂತಿರುವುದು ಮನುಷ್ಯರು. ಒಬ್ಬರಿಗೊಬ್ಬರು ಅಂಟಿಕೊಂಡು, ಬೆನ್ನು ಬಂಡೆಗೆ ಒರಗಿಸಿ ಕೂತರೆ ಒಂದೇ ಏಟಿಗೆ ಎಲ್ಲರೂ. ಕಲ್ಲು ಮಂಟಪ, ನೆತ್ತಿಯ ಮೇಲಿನ ಚಿಕ್ಕ ಗುಡಿ, ನಾಲ್ಕು ಕಂಬದ ತಗಡಿನ ಶೆಡ್ಡು, ಇವೂ ಮಳೆಯಿಂದ ಕಾಪಾಡುತ್ತವೆ, ಸಿಡಿಲಿನಿಂದ ಕಾಪಾಡುವುದಿಲ್ಲ. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರದ ಜಾಗ. ಅಲ್ಲಿನ ಗುಡಿಯ ಹತ್ತಿರ ನಿಂತು ಮಳೆ ಬಿಡಲಿ ಅಂತ ಕಾಯುವುದು ಬೇಡ. ಮೆಟ್ಟಿಲಿಳಿದು ಗಾಡಿಗೆ ಬನ್ನಿ. ವೈರಿಂಗ್, ನೀರಿನ ಪೈಪು ಇರುವ ಗಟ್ಟಿ ಕಟ್ಟಡ, ಇಲ್ಲವೇ ಗಾಜು ಏರಿಸಿದ ಗಟ್ಟಿ ಛಾವಣಿಯ ಕಾರು, ಬಸ್ಸು, ಇವೆರಡೇ ನಿಜವಾದ ಆಸರೆ. ಕಾರು ಕಾಪಾಡುವುದು ಅದರ ಟೈರಿನ ರಬ್ಬರ್‌ನಿಂದ ಅಲ್ಲ. ಸುತ್ತಲಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುವುದರಿಂದ.

ಅದೇ ಕಾರಣಕ್ಕೆ ರಬ್ಬರ್ ಬೂಟಿನ ಮಾತೂ ನಿಲ್ಲುವುದಿಲ್ಲ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದದ್ದು ಅರ್ಧ ಇಂಚು ರಬ್ಬರಿಗೆ ನಿಲ್ಲುವುದಿಲ್ಲ. ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ, ಆಫ್ ಮಾಡುವ ಅಗತ್ಯ ಇಲ್ಲ. ಸಹಾಯಕ್ಕೆ ಫೋನ್ ಮಾಡಲು ಬೇಕಾಗುವುದು ಅದೇ, ಚಾರ್ಜ್ ಉಳಿಸಿಕೊಳ್ಳಿ. ಸಿಡಿಲು ನೋಡುವುದು ಎತ್ತರ, ಚೂಪು, ಒಂಟಿತನ. ಹಾಗಾಗಿ ಏಣಿನ ಮೇಲೆ ಬಿಚ್ಚಿ ಹಿಡಿದ ಕೊಡೆ ತಪ್ಪು, ಬ್ಯಾಗಿನಿಂದ ಮೇಲಕ್ಕೆ ಚಾಚಿದ ಕೋಲು ತಪ್ಪು. ಇನ್ನು ನಿಮ್ಮ ಅಮ್ಮ ಅರ್ಜುನನ ಹೆಸರು ಹೇಳಿದರಲ್ಲ, ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಕೈಕಾಲು ನಡುಗುವಾಗ ಅದು ಧೈರ್ಯ ಕೊಡುತ್ತದೆ, ಧೈರ್ಯ ಸಣ್ಣ ವಿಷಯ ಅಲ್ಲ. ಹೇಳುತ್ತಲೇ ಕೆಳಗೆ ಇಳಿಯುತ್ತಿರಲಿ ಅನ್ನುವುದಷ್ಟೇ ನನ್ನ ಕೋರಿಕೆ.

ದೇಶದಲ್ಲಿ 2022ರಲ್ಲಿ ಸಿಡಿಲಿಗೆ ಸತ್ತವರು 2,887 ಜನ, ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ಹೊಲದಲ್ಲಿ, ಬಯಲಿನಲ್ಲಿ ದುಡಿಯುವವರೇ ಅದಕ್ಕೆ ಹೆಚ್ಚಾಗಿ ಸಿಗುವುದು. ಅವರಿಗೆ ಅಲ್ಲಿರುವುದು ಅನಿವಾರ್ಯ. ಚಾರಣಕ್ಕೆ ಹೋಗುವ ನಮಗೆ ಹಾಗಲ್ಲ, ದಿನ ಬದಲಿಸುವ ಅನುಕೂಲ ನಮ್ಮ ಕೈಯಲ್ಲಿದೆ.

40% ಅಂದರೆ

ಮೊಬೈಲ್‌ನ 40% ಅಂದರೆ ದಿನದ 40 ಭಾಗ ಮಳೆ ಅಂತಲ್ಲ, ಅಂಥ ದಿನಗಳು ಹತ್ತು ಬಂದರೆ ನಾಲ್ಕರಲ್ಲಿ ಆ ಜಾಗದಲ್ಲಿ ಮಳೆ ಬೀಳುವ ಸಾಧ್ಯತೆ. ಎಷ್ಟು ಮಳೆ, ಗುಡುಗು ಇದೆಯಾ, ಗಾಳಿ ಎಷ್ಟು, ಅದು ಹೇಳುವುದಿಲ್ಲ. ಸಾಲದ್ದಕ್ಕೆ ನೀವು ನೋಡುವುದು ಚಿಕ್ಕಮಗಳೂರು ಊರಿನ ಲೆಕ್ಕ. ಊರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಏಣು ಅದಕ್ಕಿಂತ ಎಂಟುನೂರು ಮೀಟರ್ ಮೇಲಿದೆ. ಊರಲ್ಲಿ ಬಿಸಿಲಿದ್ದಾಗ ಮೇಲೆ ಮಂಜು, ಮಳೆ ಇರುವುದು ಮಾಮೂಲು.

ಶೇಕಡಾವಾರು ಬಿಟ್ಟು, ಭಾರತೀಯ ಹವಾಮಾನ ಇಲಾಖೆ ಜಿಲ್ಲೆಗೆ ಕೊಡುವ ಎಚ್ಚರಿಕೆ ನೋಡಿ. ಹಿಂದಿನ ಸಂಜೆ ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್ ಇದ್ದರೆ ಏಣು ಬೇಡ, ಮಾತೇ ಇಲ್ಲ. ಯೆಲ್ಲೋ ಇದ್ದು ಅದರಲ್ಲಿ ಗುಡುಗು ಸಿಡಿಲು ಅಂತ ಬರೆದಿದ್ದರೆ ಅರ್ಧ ದಾರಿಯ ಯೋಜನೆಗೆ ಇಳಿಯಿರಿ, ಅದನ್ನು ಮುಂದೆ ಹೇಳುತ್ತೇನೆ. ಹೊರಡುವ ಬೆಳಿಗ್ಗೆ ದಾಮಿನಿ ಆ್ಯಪ್ ತೆರೆಯಿರಿ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯವರು ಮಾಡಿದ್ದು. ನಿಮ್ಮ ಸುತ್ತ 20, 40 ಕಿಲೋಮೀಟರ್ ಒಳಗೆ ಸಿಡಿಲು ಎಲ್ಲಿ ಬೀಳುತ್ತಿದೆ ಅಂತ ತೋರಿಸುತ್ತದೆ. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು. ಏಣಿನ ಮೇಲೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಕೆಳಗೆ ನೋಡಿಕೊಂಡು ಹತ್ತಿ, ಮೇಲೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಮೇಲೆ ನಿಮಗೆ ಉಳಿಯುವುದು ಎಣಿಕೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರಕ್ಕೆ ಒಂದು ಕಿಲೋಮೀಟರ್. ಮೂವತ್ತು ಬಂದರೆ ಹತ್ತು ಕಿಲೋಮೀಟರ್. ಅಷ್ಟು ದೂರ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವುದೇ ತಪ್ಪಾಗುವುದು. ಮುಂದಿನ ಸಿಡಿಲು ಅಷ್ಟು ದೂರವನ್ನು ದಾಟಿ ಬೀಳಬಲ್ಲದು. ಮೂವತ್ತರೊಳಗೆ ಕೇಳಿದರೆ ಇಳಿಯಲು ಶುರು. ಮಂಜಿನಲ್ಲಿ ಮಿಂಚು ಕಾಣದಿದ್ದರೆ ಗುಡುಗು ಕೇಳಿದ್ದೇ ಸಾಕು. ಕೊನೆಯ ಗುಡುಗು ಆದ ಮೇಲೆ ಪೂರ್ತಿ 30 ನಿಮಿಷ ಕಳೆಯದೆ ಮತ್ತೆ ಏಣಿನ ಮೇಲೆ ಬರಬಾರದು.

ಚಳಿಯನ್ನು ಯಾರೂ ಕೇಳುವುದಿಲ್ಲ

ನಿಮ್ಮ ಪ್ರಶ್ನೆಯಲ್ಲಿ ಚಳಿಯ ಮಾತೇ ಇಲ್ಲ. ನನಗೆ ಸಿಡಿಲಿಗಿಂತ ಹೆಚ್ಚು ಸಲ ಎದುರಾದದ್ದು ಅದು. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ನಿಮ್ಮೂರಲ್ಲಿ 28 ಡಿಗ್ರಿ ಇದ್ದರೆ ಏಣಿನ ಮೇಲೆ 20ರ ಒಳಗೆ. ಅದರ ಮೇಲೆ ಗಾಳಿ. ಚಿತ್ರದುರ್ಗದ ಸುತ್ತ ಬೆಟ್ಟದ ನೆತ್ತಿಗಳ ಮೇಲೇ ಗಾಳಿಯಂತ್ರ ನಿಲ್ಲಿಸಿರುವುದು ಯಾಕೆ ಹೇಳಿ? ಬಯಲಲ್ಲಿ ಹರಡಿಕೊಂಡು ಬಂದ ಗಾಳಿ ಏಣನ್ನು ದಾಟುವಾಗ ಇಕ್ಕಟ್ಟಾಗಿ ಜೋರಾಗುತ್ತದೆ. ಅದೇ ಗಾಳಿ ಒದ್ದೆ ಬಟ್ಟೆಯ ಮೈಯಿಂದ ಶಾಖ ಎಳೆದುಕೊಳ್ಳುತ್ತದೆ. ಸೊನ್ನೆ ಡಿಗ್ರಿ ಬೇಕಾಗಿಲ್ಲ, ಹದಿನೈದು ಡಿಗ್ರಿಯಲ್ಲೂ ಒದ್ದೆಯಾಗಿ ಗಾಳಿಗೆ ನಿಂತವರ ಮೈ ತಣ್ಣಗಾಗುತ್ತಾ ಹೋಗುತ್ತದೆ.

ಒಂದು ಕಾಲೇಜು ಗುಂಪನ್ನು ಈ ಸಾಲಿನಲ್ಲಿ ಕರೆದೊಯ್ದಿದ್ದಾಗ ಮಳೆ ಸಣ್ಣಗೆ ಹಿಡಿಯಿತು. ಜೀನ್ಸ್ ಹಾಕಿದ್ದ ಹುಡುಗನೊಬ್ಬ ಹಿಂದೆ ಬೀಳತೊಡಗಿದ. ಕೇಳಿದರೆ ಆರಾಮಿದೀನಿ ಸಾರ್ ಅಂದ. ಬಿಸ್ಕತ್ ಪೊಟ್ಟಣ ಕೊಟ್ಟೆ. ಅದರ ಅಂಚನ್ನು ಹಿಡಿದು ಹರಿಯಲು ಅವನ ಬೆರಳಿಗೆ ಆಗಲಿಲ್ಲ. ಎರಡು ಸಲ ಜಾರಿತು, ಮೂರನೇ ಸಲ ಸುಮ್ಮನೆ ಪೊಟ್ಟಣವನ್ನೇ ನೋಡುತ್ತಾ ನಿಂತ. ಅವನ ಮಾತಿಗಿಂತ ಆ ಬೆರಳು ನಿಜ ಹೇಳುತ್ತಿತ್ತು. ಅಲ್ಲೇ ಗಾಳಿ ತಾಗದ ಕಡೆ ಇಳಿಸಿ, ಒದ್ದೆ ಅಂಗಿ ಬಿಚ್ಚಿಸಿ, ಒಣ ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಸಿ, ಬೆಲ್ಲ, ಬಿಸಿ ನೀರು ಕೊಟ್ಟು, ಇಡೀ ಗುಂಪನ್ನೇ ವಾಪಸ್ ಇಳಿಸಿದೆವು. ನಡುಕ, ತೊದಲು, ಎಡವುವುದು, ಸುಮ್ಮಸುಮ್ಮನೆ ಸಿಡುಕುವುದು, ಇವು ಕಂಡರೆ ಗುರಿ ಮರೆತು ಇಳಿಯಬೇಕು. ನಡುಗುತ್ತಿದ್ದವರು ಬೆಚ್ಚಗಾಗದೇ ನಡುಕ ನಿಲ್ಲಿಸಿದರೆ ಅದು ಇನ್ನೂ ಕೆಟ್ಟ ಲಕ್ಷಣ.

ಹಾಗಾಗಿ ಜೀನ್ಸ್ ಬೇಡ, ದಪ್ಪ ಹತ್ತಿಯ ಬಟ್ಟೆ ಬೇಡ. ಹತ್ತಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಆರುವ ಪ್ಯಾಂಟು, ಒಂದು ಉಣ್ಣೆ ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಮಾದರಿಯ ರೇನ್‌ಕೋಟ್ ಸಾಕು. ನಮ್ಮ ಕುರಿಗಾಹಿಗಳು ಮಳೆಯಲ್ಲೂ ಕಂಬಳಿ ಬಿಡದೇ ಇರುವುದರ ಹಿಂದೆ ಗಟ್ಟಿ ಕಾರಣ ಇದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ತಲೆ ಮೇಲಿಂದ ಹೊದ್ದುಕೊಳ್ಳುವ ತೆಳು ಪ್ಲಾಸ್ಟಿಕ್ ಪೋಂಚೊ ಏಣಿನ ಗಾಳಿಗೆ ಹಾಯಿಯಂತೆ ಉಬ್ಬಿ, ಕಾಲು ಕಾಣದಂತೆ ಮಾಡಿ, ಕೊನೆಗೆ ಹರಿದು ಹೋಗುತ್ತದೆ. ಬ್ಯಾಗಿನ ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಒಂದು ಜೊತೆ ಒಣ ಬಟ್ಟೆ ಗಂಟು ಕಟ್ಟಿಡಿ. ಇಂಬಳಕ್ಕೆ ಹೆದರುವವರು ಉದ್ದ ಕಾಲುಚೀಲ ಹಾಕಿಕೊಳ್ಳಿ, ಅದು ರಗಳೆ ಮಾತ್ರ, ಅಪಾಯ ಅಲ್ಲ.

ನಿಮ್ಮ ಮುಂದಿರುವ ದಾರಿಗಳು

ನಾನು ನಿಮ್ಮ ಜಾಗದಲ್ಲಿದ್ದರೆ ಅರ್ಧ ದಾರಿಯನ್ನೇ ಆರಿಸಿಕೊಳ್ಳುತ್ತಿದ್ದೆ. ಹಿಂದಿನ ರಾತ್ರಿ ಚಿಕ್ಕಮಗಳೂರಿನಲ್ಲಿ ಉಳಿಯುವುದು. ಚೆಕ್‌ಪೋಸ್ಟ್ ತೆರೆಯುತ್ತಿದ್ದಂತೆ ಮೇಲೆ ಹೋಗುವುದು. ಮುಳ್ಳಯ್ಯನಗಿರಿಯಿಂದ ಏಣಿನ ಮೇಲೆ ಬಾಬಾಬುಡನ್‌ಗಿರಿ ದಿಕ್ಕಿಗೆ ಹತ್ತೂವರೆವರೆಗೆ ನಡೆಯುವುದು. ಎಲ್ಲಿ ಹತ್ತೂವರೆ ಆಯಿತೋ ಅಲ್ಲಿಂದ ತಿರುಗುವುದು. ಹನ್ನೆರಡೂವರೆಗೆ ಗಾಡಿ ಹತ್ತಿರ ಇರುವುದು. ಏಣಿನ ಅತಿ ಚಂದದ ಭಾಗ ಸಿಗುತ್ತದೆ, ಬಂದ ದಾರಿಯಲ್ಲೇ ಹಿಂತಿರುಗುವುದರಿಂದ ಮಂಜು ಕವಿದರೂ ದಾರಿ ತಪ್ಪುವ ಭಯ ಕಡಿಮೆ. ಇದರ ಅಪಾಯ ಒಂದೇ. ಹತ್ತೂವರೆಗೆ ಆಕಾಶ ತಿಳಿಯಾಗಿರುತ್ತದೆ, ಇನ್ನೊಂದು ಗುಡ್ಡ ನೋಡೋಣ ಬಾ ಅಂತ ಯಾರೋ ಒಬ್ಬರು ಅನ್ನುತ್ತಾರೆ. ಆ ಹೊತ್ತಿಗೆ ಬೇಡ ಅನ್ನುವವರು ಯಾರು ಅಂತ ಹಿಂದಿನ ರಾತ್ರಿಯೇ ಗೊತ್ತು ಮಾಡಿಟ್ಟುಕೊಳ್ಳಿ. ನಿಮ್ಮ ಹೆಂಡತಿಗೇ ಆ ಅಧಿಕಾರ ಕೊಡಿ ಅಂತ ನನ್ನ ಸಲಹೆ. ಭಯ ಇರುವವರಿಗೆ ತೀರ್ಮಾನ ಕೊಟ್ಟರೆ ಅವರ ಭಯವೂ ಇಳಿಯುತ್ತದೆ, ಗುಂಪಿಗೂ ಒಳ್ಳೆಯದು.

ಪೂರ್ತಿ ಏಣನ್ನೇ ನಡೆಯಬೇಕು ಅಂದರೆ, ಆಗಲೂ ಹಿಂದಿನ ರಾತ್ರಿ ಉಳಿಯಲೇಬೇಕು. ಇನ್ನೊಂದು ತುದಿಯಲ್ಲಿ ಗಾಡಿ ಕಾಯುತ್ತಿರಬೇಕು. ದಾರಿ ಬಲ್ಲ ಸ್ಥಳೀಯ ಗೈಡ್ ಜೊತೆಗಿರಬೇಕು. ಈ ಸಾಲಿನ ಕೆಳಗೆ ಗಿರಿಯ ರಸ್ತೆ ಇದೆ. ಏಣಿನಿಂದ ಅದಕ್ಕೆ ಸುರಕ್ಷಿತವಾಗಿ ಇಳಿಯಬಹುದಾದ ಜಾಗಗಳು ಎಲ್ಲೆಲ್ಲಿವೆ ಅಂತ ಹೊರಡುವ ಮೊದಲೇ ಗೈಡ್ ಹತ್ತಿರ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಒಂದೊಂದು ಜಾಗಕ್ಕೂ ಒಂದೊಂದು ಗಂಟೆ ಬರೆದುಕೊಳ್ಳಿ. ಆ ಹೊತ್ತಿಗೆ ಅಲ್ಲಿ ತಲುಪದಿದ್ದರೆ ಅಲ್ಲೇ ಇಳಿಯುವುದು. ಮಂಜಿನಲ್ಲಿ ಹೊಸ ಜಾಗದಿಂದ ಹುಲ್ಲಿನ ಇಳಿಜಾರು ಹಿಡಿದು ಅಂದಾಜಿನ ಮೇಲೆ ಇಳಿಯಬೇಡಿ. ಮೇಲಿಂದ ನುಣ್ಣಗೆ ಕಾಣುವ ಹುಲ್ಲು ಕೆಳಗೆ ಹೋದಂತೆ ಕಡಿದಾಗುತ್ತದೆ, ಒದ್ದೆ ಹುಲ್ಲು ಜಾರುತ್ತದೆ. ಅತಿ ನಿಧಾನದವರನ್ನು, ಬಹುಶಃ ನಿಮ್ಮ ಭಾವನನ್ನು, ಮುಂದೆ ಬಿಡಿ. ಗುಂಪು ಅವರ ನಡಿಗೆಗೆ ನಡೆಯಲಿ. ಹಿಂದೆ ಇಟ್ಟರೆ ಗುಂಪು ಎರಡಾಗುತ್ತದೆ, ಮಂಜಿನಲ್ಲಿ ಎರಡಾದ ಗುಂಪು ಮತ್ತೆ ಸೇರುವುದು ಕಷ್ಟ. ಇಷ್ಟೆಲ್ಲ ಮಾಡಿದರೂ ಅಕ್ಟೋಬರ್‌ನಲ್ಲಿ ಪೂರ್ತಿ ಏಣು ಹತ್ತು ಜನರ ಕುಟುಂಬದ ಗುಂಪಿಗೆ ಬಿಗಿಯಾದ ಲೆಕ್ಕವೇ.

ಕಾಯಲು ಮನಸ್ಸಿದ್ದರೆ ನವೆಂಬರ್ ಕೊನೆಯಿಂದ ಜನವರಿವರೆಗೆ ಬನ್ನಿ. ಗುಡುಗು ಕಡಿಮೆ, ಆಕಾಶ ತಿಳಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದ ವಾರ ಮಾತ್ರ ಬಿಡಿ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ದಿನಗಳಲ್ಲಿ ಗಿರಿಗೆ ಪ್ರವಾಸಿಗರನ್ನು ಬಿಡದೇ ಇರುವುದುಂಟು, ದಿನ ನೋಡಿಕೊಳ್ಳಿ. ಫೆಬ್ರವರಿ ಆದಮೇಲೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದೂ ಉಂಟು. ಯಾವ ತಿಂಗಳಾದರೂ ಅನುಮತಿ, ಗಾಡಿಯ ಬುಕಿಂಗ್ ನಿಯಮ ಬದಲಾಗುತ್ತಿರುತ್ತದೆ, ಹೋಗುವ ವಾರ ಇಲಾಖೆಯಲ್ಲೇ ಕೇಳಿ.

ನಡುವೆ ಸಿಕ್ಕಿಬಿದ್ದರೆ

ಎಲ್ಲಾ ಮಾಡಿಯೂ ಗುಡುಗು ಬಂತು ಅನ್ನಿ. ಮೊದಲ ಕೆಲಸ ನೆತ್ತಿಯಿಂದ ಇಳಿಯುವುದು. ಏಣಿನ ತುದಿಯಿಂದ ಐವತ್ತು, ನೂರು ಮೀಟರ್ ಕೆಳಗೆ ಇಳಿದರೂ ಅಪಾಯ ಕಡಿಮೆಯಾಗುತ್ತದೆ. ಒಂಟಿ ಮರದ ಕೆಳಗೆ ಬೇಡ, ತಂತಿ ಬೇಲಿ, ಟವರ್, ಗಾಳಿಯಂತ್ರದ ಬುಡ ಬೇಡ, ನೀರು ಹರಿಯುವ ಹಳ್ಳ ಬೇಡ. ಕೆಳಗೆ ಕಣಿವೆಯ ಮಡಿಲಲ್ಲಿ ಬೆಳೆದ ದಟ್ಟ ಶೋಲಾ ಕಾಡು ಹತ್ತಿರವಿದ್ದರೆ, ಮರಗಳೆಲ್ಲ ಒಂದೇ ಎತ್ತರ ಇರುವ ಕಡೆ, ಯಾವ ಬೊಡ್ಡೆಗೂ ಅಂಟದೆ ನಿಲ್ಲುವುದು ಬಯಲಿಗಿಂತ ವಾಸಿ. ಒಬ್ಬರಿಂದ ಒಬ್ಬರು ಕನಿಷ್ಠ ಹದಿನೈದು ಇಪ್ಪತ್ತು ಹೆಜ್ಜೆ ದೂರ ಇರಿ. ಭಯದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕು ಅನ್ನಿಸುತ್ತದೆ, ವಿಶೇಷವಾಗಿ ಮಕ್ಕಳನ್ನು. ಆದರೆ ದೂರ ಇದ್ದರೆ ಒಬ್ಬರಿಗೆ ಏಟಾದರೂ ಉಳಿದವರು ಕಾಪಾಡಲು ಇರುತ್ತಾರೆ.

ಕೂದಲು ಎದ್ದು ನಿಂತರೆ, ಕೋಲಿನ ತುದಿ ಗುಂಯ್ ಅಂದರೆ, ಸಿಡಿಲು ಬೀಳುವುದರಲ್ಲಿದೆ ಅಂತ ಅರ್ಥ. ಓಡಲು ಜಾಗ ಇಲ್ಲದಿದ್ದರೆ ಮಾತ್ರ ಎರಡೂ ಪಾದ ಜೋಡಿಸಿ, ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ, ಕಿವಿ ಮುಚ್ಚಿಕೊಳ್ಳಿ. ಕೈ ನೆಲಕ್ಕೆ ತಾಗದಿರಲಿ. ಇದನ್ನು ರಕ್ಷಣೆ ಅಂದುಕೊಳ್ಳಬೇಡಿ. ಬೇರೇನೂ ಉಳಿಯದಾಗ ಮಾಡುವ ಕೊನೆಯ ಕೆಲಸ. ಇಳಿಯಲು ದಾರಿ ಇದ್ದೂ ಹೀಗೆ ಕೂತವರನ್ನು ನೋಡಿದ್ದೇನೆ, ಅದು ತಪ್ಪು.

ಯಾರಿಗಾದರೂ ಬಡಿದರೆ ತಕ್ಷಣ ಮುಟ್ಟಬಹುದು. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅಂತ ಕಾದು ನಿಂತು ಕಳೆದುಹೋಗುವ ನಿಮಿಷಗಳೇ ಜೀವ ತೆಗೆಯುತ್ತವೆ. ಕೂಗುತ್ತಿರುವವರು ಉಸಿರಾಡುತ್ತಿದ್ದಾರೆ, ಅವರು ಆಮೇಲೆ. ಸದ್ದಿಲ್ಲದೆ ಬಿದ್ದವರ ಹತ್ತಿರ ಮೊದಲು ಓಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ. ಬಾಯಿಂದ ಉಸಿರು ಕೊಡಲು ಕಲಿತವರಿದ್ದರೆ ಕೊಡಲಿ, ಸಿಡಿಲಿನ ಏಟಿನಲ್ಲಿ ಅದು ಬಹಳ ಮುಖ್ಯ. ಹೃದಯ ಮತ್ತೆ ಬಡಿದುಕೊಂಡರೂ ಉಸಿರು ಬರಲು ತಡವಾಗುತ್ತದೆ. ಹಾಗೆ ಒತ್ತುತ್ತಾ ಹೋಗಿ ಬದುಕಿ ಬಂದವರಿದ್ದಾರೆ. ಇನ್ನೊಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ. ಹೊರಡುವ ಮೊದಲು ನಿಮ್ಮ ಹತ್ತು ಜನರಲ್ಲಿ ಇಬ್ಬರಾದರೂ ಇದನ್ನು ಒಂದು ಬೊಂಬೆಯ ಮೇಲೆ ಒತ್ತಿ ಕಲಿತಿದ್ದರೆ ನನಗೆ ಸಮಾಧಾನ.

ಮಗನನ್ನು ಕರೆದುಕೊಂಡು ಹೋಗಿ. ಹದಿಮೂರು ವರ್ಷದ, ಕೋಟೆ ಹತ್ತಿ ಓಡಾಡಿದ ಹುಡುಗನಿಗೆ ಅರ್ಧ ದಾರಿ ಹೆಚ್ಚಲ್ಲ. ಮಕ್ಕಳು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ, ಅವನ ಒಣ ಬಟ್ಟೆ, ಉಣ್ಣೆ ಟೋಪಿ ನೀವೇ ಹೊತ್ತುಕೊಳ್ಳಿ. ಗುಡುಗಿನ ಸೆಕೆಂಡ್ ಎಣಿಸುವ ಕೆಲಸ ಅವನಿಗೆ ಕೊಡಿ, ಈ ವಯಸ್ಸಿನವರು ಅದನ್ನು ನಮಗಿಂತ ನಿಷ್ಠೆಯಿಂದ ಮಾಡುತ್ತಾರೆ. ದಾವಣಗೆರೆಯಲ್ಲಿ ಉಳಿಯುವ ನಿಮ್ಮವರೊಬ್ಬರ ಹತ್ತಿರ ಒಂದು ಚೀಟಿ ಬರೆದುಕೊಡಿ: ಎಲ್ಲಿಂದ ಹತ್ತುತ್ತೇವೆ, ಎಷ್ಟು ಜನ, ಗಾಡಿ ನಂಬರ್ ಏನು, ಗೈಡ್ ಫೋನ್ ಯಾವುದು, ಗಾಡಿಗೆ ವಾಪಸ್ ಬಂದ ತಕ್ಷಣ ಮಧ್ಯಾಹ್ನ ಒಂದೂವರೆಯೊಳಗೆ ಫೋನ್ ಮಾಡುತ್ತೇವೆ. ನಾಲ್ಕು ಗಂಟೆಯಾದರೂ ಫೋನ್ ಬಾರದೆ, ಗೈಡ್ ಕೂಡ ಸಿಗದಿದ್ದರೆ, ಅವರು 112ಕ್ಕೆ ಕರೆ ಮಾಡಿ ಆ ಚೀಟಿಯನ್ನು ಓದಿ ಹೇಳಲಿ.